ಅರವತ್ತೆರಡು ಮಿಲಿಮೀಟರ್

ನಾನು ಮಳೆ ಅಳೆಯುವ ಒಂದು ಡಬ್ಬಿ. ಓದಿದವರು ಮಳೆಮಾಪಕ ಎನ್ನುತ್ತಾರೆ. ನಾನಿದ್ದ ಕಡೆ ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ಎಸ್ಟೇಟಿನವರು ಗೇಜು ಎಂದರು, ಗುಡ್ಡದ ಗೇಟಿನವರು ಮಳೆಡಬ್ಬಿ ಎಂದರು.

ಹಾಸನದ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ಖಲಂದರ್ ಸಾಬ್ ಎಂಬ ಮುದುಕ ನನ್ನನ್ನು ಮಾಡಿದ. ಸತುವಿನ ತಗಡು ಸುತ್ತಿ, ಬೆಸುಗೆ ಹಾಕಿ, ಹೊರಗಿನ ಡಬ್ಬಿ ಮಾಡಿದ. ಅದರ ಮೇಲೆ ಕೂರಲು ಒಂದು ಆಲಿಕೆ, ಆಲಿಕೆಯ ಬಾಯಿಗೆ ಹಿತ್ತಾಳೆಯ ಬಳೆ. ಬಳೆ ಕೂರಿಸುವಾಗ ಮಾತ್ರ ಬೀಡಿಯನ್ನು ತುಟಿಯಿಂದ ತೆಗೆದು ಪಕ್ಕಕ್ಕಿಟ್ಟ. "ಹೊಟ್ಟೆ ಎಲ್ಲಿ ಬೇಕಾದ್ರೂ ಡೊಂಕಾಗ್ಲಿ, ಬಾಯಿ ಡೊಂಕಾಗ್ಬಾರ್ದು" ಎಂದು ತನಗೆ ತಾನೇ ಹೇಳಿಕೊಂಡ. ನನ್ನ ಬಾಯಿ ಒಂದು ಚೊಂಬಿನ ಬಾಯಿಯಷ್ಟು ಅಗಲ. ಅದರೊಳಗೆ ಬಿದ್ದ ಮಳೆ ಒಳಗಿನ ಬಾಟಲಿಗೆ ಇಳಿಯುತ್ತದೆ. ಬೆಳಿಗ್ಗೆ ಎಂಟೂವರೆಗೆ ಅದನ್ನು ಇಪ್ಪತ್ತು ಗೆರೆ ಕೊರೆದ ಗಾಜಿನ ಲೋಟಕ್ಕೆ ಬಗ್ಗಿಸಿ, ಗೆರೆಗೊಂದು ಮಿಲಿಮೀಟರಿನಂತೆ ಓದಬೇಕು. ನನ್ನ ಕೆಲಸ ಇಷ್ಟೇ.

ಮೊದಲ ಹದಿನೆಂಟು ವರ್ಷ ನಾನು ಒಂದು ಕಾಫಿ ಎಸ್ಟೇಟಿನ ಬಂಗಲೆಯ ಅಂಗಳದಲ್ಲಿದ್ದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲಾರೆನ್ಸ್ ಎಂಬಾತ ಪ್ರತಿದಿನ ಕೊಡೆ ಹಿಡಿದು ಬರುತ್ತಿದ್ದ. ನೆಲದಿಂದ ಒಂದಡಿ ಎತ್ತರದಲ್ಲಿರುವ ನನಗೆ ಮನುಷ್ಯರು ಮೊದಲು ಕಾಣುವುದು ಕಾಲುಗಳಾಗಿ. ಲಾರೆನ್ಸನ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಅವನು ಮಿಲಿಮೀಟರಿನಲ್ಲಿ ಓದಿ, ಇಂಚಿಗೆ ತಿರುಗಿಸಿ, ಧಣಿಗಳಿಗೆ ಕೂಗಿ ಹೇಳುತ್ತಿದ್ದ. ಧಣಿಗಳಿಗೆ ಇಂಚಲ್ಲದೆ ಬೇರೆ ಮಳೆ ಅರ್ಥವಾಗುತ್ತಿರಲಿಲ್ಲ. ಆ ವರ್ಷಗಳಲ್ಲಿ ನನ್ನಿಂದ ಯಾರಿಗೂ ಕೇಡಾಗಲಿಲ್ಲ. ಎಸ್ಟೇಟು ಕೈ ಬದಲಾಯಿತು. ಹೊಸಬರು ಅಂಗಳಕ್ಕೆ ಕಲ್ಲು ಹಾಸಿದರು. ನಾನು ಗೋದಾಮು ಸೇರಿದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವರು ಎತ್ತಿನಹೆಗಲು ಗುಡ್ಡದ ಸಮಿತಿಯವರು. ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡ ಹತ್ತುವ ಪೇಟೆಯ ಹುಡುಗ ಹುಡುಗಿಯರು ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿದ್ದರು. ಊರಿನವರು ಸಮಿತಿ ಮಾಡಿ, ದಾರಿಗೆ ಗೇಟು ಹಾಕಿ, ಗೈಡ್‌ಗಳನ್ನು ಜೊತೆಗೆ ಕಳಿಸುತ್ತಿದ್ದರು. ದಾರಿ ಸೀಳುಹಳ್ಳವನ್ನು ದಾಟಿ ಹೋಗುತ್ತದೆ. ಗುಡ್ಡದ ಎರಡು ಭುಜಗಳ ನೀರೆಲ್ಲ ಇಳಿಯುವುದು ಅದೇ ಕೊರಕಲಿಗೆ. ಅದಕ್ಕಾಗಿ ಸಮಿತಿ ಒಂದು ನಿಯಮ ಮಾಡಿತು: ಒಂದು ದಿನದ ಮಳೆ ಎಪ್ಪತ್ತು ಮಿಲಿಮೀಟರ್ ದಾಟಿದರೆ ಗೇಟು ತೆಗೆಯಬಾರದು. ಎಪ್ಪತ್ತು ದಾಟಿತೋ ಇಲ್ಲವೋ ಎಂದು ಹೇಳಬೇಕಾದವನು ನಾನು.

ನನ್ನನ್ನು ಓದುವ ಕೆಲಸ ದೇವಕಿಯದು. ನಲವತ್ತು ದಾಟಿದ ಹೆಂಗಸು, ಏಳನೇ ತರಗತಿ ಓದಿದವಳು. ಅವಳ ಗಂಡ ಪೂವಪ್ಪ ಅದೇ ಗೇಟಿನ ಗೈಡು. ಗುಡ್ಡದ ಮೇಲಿನ ಜೇನು, ಸೀಗೆ, ಬೆತ್ತ ಎಲ್ಲ ಎಲ್ಲಿವೆ ಎಂದು ಅವನಿಗೆ ಬಾಯಿಪಾಠ. ಮಕ್ಕಳಿರಲಿಲ್ಲ. ದೇವಕಿ ನನ್ನನ್ನು ಮಗುವಿನ ಹಾಗೆ ನೋಡಿಕೊಂಡಳು ಎಂದರೆ ಹೆಚ್ಚಾಗುತ್ತದೆ. ಮನೆಯ ಒಳ್ಳೆಯ ಪಾತ್ರೆಯ ಹಾಗೆ ನೋಡಿಕೊಂಡಳು. ಆಲಿಕೆಯಲ್ಲಿ ಎಲೆ ಕೂತರೆ ತೆಗೆಯುತ್ತಿದ್ದಳು, ಬೇಲಿಯೊಳಗೆ ಕರು ನುಗ್ಗಿದರೆ ಓಡಿಸುತ್ತಿದ್ದಳು. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು ಓದುತ್ತಿದ್ದಳು. ಅವಳು ಓದಿದ್ದನ್ನು ಗೇಟಿನ ಮಂಜಯ್ಯ ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದ. ನಾಲ್ಕು ಮಳೆಗಾಲ ಹೀಗೆ ಸರಿಯಾಗಿ ನಡೆಯಿತು. ಅದೆಷ್ಟೋ ಬೆಳಿಗ್ಗೆ ಗೇಟು ಮುಚ್ಚಿತು. ಬಂದವರು ಬೈದುಕೊಂಡು, ಚಹಾ ಕುಡಿದು, ವಾಪಸು ಹೋದರು.

ಐದನೆಯ ವರ್ಷದ ಬೇಸಿಗೆಯಲ್ಲಿ ಲೋಟ ಒಡೆಯಿತು. ಮಳೆಗಾಲಕ್ಕೆ ಮೊದಲು ತೊಳೆದಿಡೋಣ ಎಂದು ದೇವಕಿ ಬೂದಿ ಹಚ್ಚಿ ಉಜ್ಜುತ್ತಿದ್ದಳು. ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಸುಮಾರು ಹೊತ್ತು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ಸಮಿತಿಗೆ ಹೇಳಿದರೆ, ಹೆಂಗಸರ ಕೈಗೆ ಗಾಜು ಕೊಟ್ಟದ್ದೇ ತಪ್ಪು ಎನ್ನುವವರು ಇದ್ದರು. ಅವಳು ಹೇಳಲಿಲ್ಲ. ಗಂಡನಿಗೆ ಮಾತ್ರ ಹೇಳಿದಳು.

ಪೂವಪ್ಪ ಆಗ ಘಟ್ಟದಾಚೆಯ ಒಂದು ತೋಟಕ್ಕೆ ಕಾಳುಮೆಣಸು ಕೊಯ್ಯಲು ಹೋಗುತ್ತಿದ್ದ. ಅಲ್ಲಿಯ ಸ್ಟೋರಿನಲ್ಲಿ ಧೂಳು ಹಿಡಿದು ಬಿದ್ದಿದ್ದ ಒಂದು ಅಳತೆಯ ಲೋಟವನ್ನು ಕೇಳಿ ತೆಗೆದುಕೊಂಡ. ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.

"ಇದು ಸ್ವಲ್ಪ ದಪ್ಪ ಉಂಟಲ್ಲ" ಎಂದಳು ದೇವಕಿ.

"ದಪ್ಪ ಇದ್ರೆ ಗಟ್ಟಿ ಇರ್ತದೆ. ಇನ್ನೊಂದ್ಸಲ ಬಿದ್ರೂ ಒಡೆಯೂದಿಲ್ಲ. ಇದೂ ಮಳೆ ಅಳೆಯೂ ಲೋಟವೇ ಅಲ್ವ ಮಾರಾಯ್ತಿ? ಗೆರೆ ಉಂಟು, ನಂಬ್ರ ಉಂಟು. ಇನ್ನೆಂತ ಬೇಕು ನಿಂಗೆ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದು ಮಳೆ ಅಳೆಯುವ ಲೋಟವೇ. ಆದರೆ ನನ್ನದಲ್ಲ. ಮಳೆಡಬ್ಬಿಗಳಲ್ಲಿ ಎರಡು ಜಾತಿ ಇವೆ. ಒಂದು ನನ್ನ ಹಾಗೆ ಚಿಕ್ಕ ಬಾಯಿಯದು, ಇನ್ನೊಂದು ಅದರ ಎರಡರಷ್ಟು ಬಾಯಿಯದು. ದೊಡ್ಡ ಬಾಯಿಗೆ ಎರಡು ಪಾಲು ನೀರು ಬೀಳುವುದರಿಂದ ಅದರ ಲೋಟವೂ ಎರಡು ಪಾಲು ದಪ್ಪ. ಪೂವಪ್ಪ ತಂದದ್ದು ಆ ಲೋಟ. ನನ್ನೊಳಗಿನ ನೀರನ್ನು ಅದಕ್ಕೆ ಬಗ್ಗಿಸಿದರೆ ಇಪ್ಪತ್ತು ಗೆರೆಯ ಮಳೆ ಹತ್ತೇ ಗೆರೆಗೆ ನಿಲ್ಲುತ್ತದೆ. ಲೋಟದ ತಳದಲ್ಲಿ ಇದನ್ನು ತಿಳಿಸುವ ಸಣ್ಣ ಗುರುತು ಇತ್ತು. ಪೂವಪ್ಪ ಅದನ್ನು ಕಂಪೆನಿಯ ಮುದ್ರೆ ಎಂದುಕೊಂಡ. ನನಗೆ ಗೊತ್ತಿತ್ತು. ನನಗೆ ಬಾಯಿ ಇರುವುದು ಮಳೆ ಕುಡಿಯಲು ಮಾತ್ರ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಹಿಂದಿನ ವರ್ಷಗಳಲ್ಲಿ ಜೋರು ಮಳೆಯ ಬೆಳಿಗ್ಗೆ ದೇವಕಿ ಐದು ಸಲ, ಆರು ಸಲ ಲೋಟ ತುಂಬಿ ಚೆಲ್ಲಬೇಕಾಗುತ್ತಿತ್ತು. ಈಗ ಎರಡು ಮೂರು ಸಲಕ್ಕೇ ಮುಗಿಯುತ್ತಿತ್ತು.

"ಈ ವರ್ಷ ಮಳೆ ಕಮ್ಮಿ ಕಾಣ್ತದೆ" ಎಂದಳು ಒಂದು ದಿನ.

"ಗದ್ದೆ ಅಂಚು ಮೂರು ಕಡೆ ಒಡೆದು ಹೋಗಿದೆ. ನಿನ್ನ ಮಳೆ ಕಮ್ಮಿ" ಎಂದ ಪೂವಪ್ಪ.

"ನನ್ನ ಮಳೆ ಅಲ್ಲ, ಡಬ್ಬಿ ಮಳೆ. ಬೇಕಾದ್ರೆ ಅದನ್ನೇ ಕೇಳಿ."

ಇಬ್ಬರೂ ನಕ್ಕರು. ನಾನು ನಗಲಾರದೆ ಕೂತಿದ್ದೆ.

ತಿಂಗಳ ಕೊನೆಯಲ್ಲಿ ಮೂರು ದಿನ ಒಂದೇ ಸಮನೆ ಹೊಯ್ದಿತು. ಗುರುವಾರ ಕರಿಹಲಗೆಯ ಮೇಲೆ ನಲವತ್ತೊಂದು. ಶುಕ್ರವಾರ ನಲವತ್ತೇಳು. ಶನಿವಾರ ಬೆಳಿಗ್ಗೆ ದೇವಕಿ ಗೋಣಿಕೊಪ್ಪೆ ಹೊದ್ದು ಬಂದು, ಮೂರು ಲೋಟ ತುಂಬಿ ಚೆಲ್ಲಿ, ನಾಲ್ಕನೆಯದರಲ್ಲಿ ಎರಡು ಗೆರೆ ಓದಿದಳು. ಅರವತ್ತೆರಡು. ನನ್ನೊಳಗೆ ಬಿದ್ದದ್ದು ನೂರಾ ಇಪ್ಪತ್ತನಾಲ್ಕು.

ಗೇಟಿನ ಹತ್ತಿರ ಆಗಲೇ ಆರು ಜೊತೆ ಬೂಟುಗಳು ನಿಂತಿದ್ದವು. ಹುಬ್ಬಳ್ಳಿ ಕಡೆಯ ಕಾಲೇಜೊಂದರ ಹೊಸ ಮೇಷ್ಟ್ರುಗಳು, ನಾಲ್ವರು ಗಂಡಸರು, ಇಬ್ಬರು ಹೆಂಗಸರು. ಬೆನ್ನ ಮೇಲೆ ಟೆಂಟು, ಚಾಪೆ, ಒಲೆ ಎಲ್ಲ ಕಟ್ಟಿದ ದೊಡ್ಡ ಚೀಲಗಳು. ಅವರಲ್ಲಿ ಪ್ರಭಂಜನ ಎಂಬವನು ಬೇಲಿಯ ಮೇಲೆ ಬಗ್ಗಿ ನನ್ನನ್ನು ನೋಡಿದ.

"ಅಕ್ಕಾರ, ಡಬ್ಬಿ ಏನಂತೈತಿ? ಬಿಡ್ತೈತೋ ಇಲ್ಲೋ?"

"ಅರವತ್ತೆರಡು. ಎಪ್ಪತ್ತರ ಮೇಲಾದ್ರೆ ಬಿಡೂದಿಲ್ಲ."

"ಅರವತ್ತೆರಡಕ್ಕ ಫಸ್ಟ್ ಕ್ಲಾಸ್ ರೀ. ನಮ್ಮ ಹುಡುಗ್ರು ಮೂವತ್ತೈದಕ್ಕ ಪಾಸ್ ಆಗಿ ಪೇಢಾ ಹಂಚ್ತಾರ."

ಎಲ್ಲರೂ ನಕ್ಕರು, ದೇವಕಿಯೂ ನಕ್ಕಳು. ಪೂವಪ್ಪ ನಗಲಿಲ್ಲ. ಅವತ್ತು ಅವನ ಸರದಿ. ಅವನು ಹಳ್ಳದ ಕಡೆ ಕಿವಿ ಕೊಟ್ಟು ನಿಂತಿದ್ದ.

"ದೇವಕಿ, ಸರೀ ನೋಡಿದ್ಯ? ಹಳ್ಳದ ಸದ್ದು ನಂಗೆ ಯಾಕೋ ಸರಿ ಕಾಣೂದಿಲ್ಲ. ನೀರೂ ಕೆಂಪಾಗಿದೆ."

"ಮೂರು ಲೋಟ, ಮೇಲೆ ಎರಡು ಗೆರೆ. ನಾನೆಂತ ಸುಳ್ಳು ಬರೀತೇನ?"

"ನೀನಲ್ಲ ಮಾರಾಯ್ತಿ. ನಂಗೆ ವಯಸ್ಸಾಯ್ತು. ಕಿವಿ ಬೇಡದ್ದೆಲ್ಲ ಕೇಳ್ತದೆ."

ಮಂಜಯ್ಯನೂ ಒಂದು ಮಾತು ಸೇರಿಸಿದ. "ಎಪ್ಪತ್ತರ ಒಳಗೆ ಉಂಟು ಪೂವಪ್ಪಣ್ಣ. ನಾವು ಬೇಡ ಅಂದ್ರೆ ಯಾವ ಕಾಯ್ದೆ ಮೇಲೆ ಅಂತ ಕೇಳ್ತಾರೆ."

ಗೇಟು ಮೇಲೆದ್ದಿತು. ಪೂವಪ್ಪನ ಬರಿಗಾಲು ಮುಂದೆ, ಆರು ಜೊತೆ ಬೂಟುಗಳು ಹಿಂದೆ. ಮೂವತ್ತು ವರ್ಷ ಗುಡ್ಡ ತಿರುಗಿದ ಮನುಷ್ಯ ತನ್ನ ಕಿವಿಯನ್ನು ನಂಬದೆ ನನ್ನನ್ನು ನಂಬಿದ.

ಮೇಲೆ ನಡೆದದ್ದು ನನಗೆ ಗೊತ್ತಾದದ್ದು ಆ ಸಂಜೆ. ಬದುಕಿ ಉಳಿದು, ಊರಿನವರ ಜೊತೆ ಸುತ್ತುದಾರಿ ಹಿಡಿದು ಇಳಿದು ಬಂದವರಲ್ಲಿ ವಿನುತಾ ಎಂಬ ಹುಡುಗಿ ಗೇಟಿನ ಜಗಲಿಯ ಮೇಲೆ, ನನ್ನ ಬೇಲಿಯ ಪಕ್ಕದಲ್ಲೇ ಕೂತು, ಬಂದವರಿಗೆಲ್ಲ ಹೇಳಿದಳು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದಳು.

ಬೆಳಿಗ್ಗೆ ಸೀಳುಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತಂತೆ. ಪೂವಪ್ಪ ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ದಾಟಿಸಿದ. ಭಾರ ಹೆಚ್ಚಾಯಿತೆಂದು ಎರಡು ದೊಡ್ಡ ಚೀಲಗಳನ್ನು ಗೇಟಿನ ಕಡೆಯ ದಡದ ಬಂಡೆಯಡಿಯಲ್ಲೇ ಬಿಟ್ಟು ಹೋಗಿದ್ದರು. ಹನ್ನೆರಡರ ಹೊತ್ತಿಗೆ ಗುಡ್ಡದ ಮೇಲೆ, ಕೈ ಚಾಚಿದರೆ ಕೈ ಕಾಣದಷ್ಟು ಮಳೆ. ಪೂವಪ್ಪ ತುದಿಗೆ ಹೋಗುವುದು ಬೇಡವೆಂದು ಎಲ್ಲರನ್ನೂ ತಿರುಗಿಸಿಕೊಂಡು ಬಂದ. ಹಳ್ಳದ ಹತ್ತಿರ ಬಂದು ನೋಡಿದರೆ ನೀರು ಪಾದ ಮುಳುಗುವಷ್ಟೂ ಇರಲಿಲ್ಲ.

"ನಮಗ ಖುಷಿ ಆತು. ನೀರು ಇಳದೈತಿ, ಸಲೀಸಾಗಿ ದಾಟಬಹುದು ಅಂದ್ವಿ" ಎಂದಳು ವಿನುತಾ. "ಅವರು ಮಾತ್ರ ನಿಂತಬಿಟ್ರು. ಮುಖ ಬೆಳ್ಳಗಾತು. ಇಷ್ಟು ಮಳ್ಯಾಗ ಹಳ್ಳ ಯಾಕ ಒಣಗತೈತಿ ಅಂದ್ರು. ಮ್ಯಾಲೆ ಎಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟೈತಿ, ಒಡದ್ರ ಎಲ್ಲಾ ಒಮ್ಮೆ ಬರ್ತೈತಿ, ಹಳ್ಳದ ಗುಂಟ ಓಡಬ್ಯಾಡ್ರಿ, ಪಕ್ಕದ ದಿಬ್ಬ ಹತ್ರಿ ಅಂದ್ರು."

ಐವರು ದಿಬ್ಬ ಹತ್ತತೊಡಗಿದರು. ಎಲ್ಲರಿಗಿಂತ ಮುಂದೆ ಇದ್ದ ಪ್ರಭಂಜನ ಆಗಲೇ ಹಳ್ಳಕ್ಕೆ ಇಳಿದಿದ್ದ. ಎದುರು ದಡದಲ್ಲಿ ಬಿಟ್ಟ ಚೀಲ ಕಾಣುತ್ತಿತ್ತು, ಇಪ್ಪತ್ತು ಹೆಜ್ಜೆ ಅಷ್ಟೇ. ಕರೆದರೆ, ತಂದೇಬಿಟ್ಟೆ ಎಂದು ಕೈ ಮಾಡಿದ. ಪೂವಪ್ಪ ಬೈಯುತ್ತಾ ಅವನ ಹಿಂದೆ ಇಳಿದ. ನಡುವಿನಲ್ಲಿ ಅವನ ರಟ್ಟೆ ಹಿಡಿದದ್ದನ್ನು ಇವರೆಲ್ಲ ಮೇಲಿನಿಂದ ನೋಡಿದರು. ಹಸಿಮಣ್ಣಿನ ವಾಸನೆ ಬಂತಂತೆ. ಆಮೇಲೆ ನೂರು ಲಾರಿ ಒಟ್ಟಿಗೆ ಇಳಿದು ಬಂದ ಹಾಗೆ ಸದ್ದು. ಬಂದದ್ದು ನೀರಲ್ಲ. ಕೆಸರು, ಕಾರಿನಷ್ಟು ದೊಡ್ಡ ಕಲ್ಲುಗಳು, ಬೇರು ಸಮೇತ ನಿಂತೇ ಬರುತ್ತಿದ್ದ ಮರಗಳು. ಮೂರು ನಿಮಿಷದಲ್ಲಿ ಮುಗಿಯಿತು. ಹಳ್ಳವಿದ್ದ ಜಾಗದಲ್ಲಿ ಹಳ್ಳವಿರಲಿಲ್ಲ.

ವಿನುತಾ ಹೇಳುವಾಗ ದೇವಕಿ ಕಂಬ ಹಿಡಿದು ನಿಂತಿದ್ದಳು. ಅವಳು ಕೇಳಿದ್ದು ಒಂದೇ ಮಾತು. "ಅವರು ಕೈ ಬಿಟ್ರಾ?"

"ಇಲ್ಲ ಅಕ್ಕಾರ. ಬಿಡಲಿಲ್ಲ."

ಪೂವಪ್ಪ ಮೂರನೆಯ ದಿನ ಸಿಕ್ಕಿದ, ಗದ್ದೆಬಯಲಿನ ತನಕ ಹರಡಿದ್ದ ಕೆಸರಿನಲ್ಲಿ. ಪ್ರಭಂಜನ ಐದನೆಯ ದಿನ.

ಮಳೆ ನಿಲ್ಲಲಿಲ್ಲ. ದೇವಕಿ ಹನ್ನೆರಡು ದಿನ ನನ್ನ ಹತ್ತಿರ ಬರಲಿಲ್ಲ. ಬಾಟಲಿ ತುಂಬಿ, ಹೊರಗಿನ ಡಬ್ಬಿಯೂ ತುಂಬಿ, ನಾನು ಸುರಿಸುತ್ತಾ ಕೂತಿದ್ದೆ.

ಹದಿಮೂರನೆಯ ದಿನ ಜಿಲ್ಲೆಯಿಂದ ಒಬ್ಬ ಇಂಜಿನಿಯರ್ ಬಂದ. ಸುತ್ತಿನ ನಾಲ್ಕು ಕಡೆ ಆ ಶನಿವಾರ ನೂರರ ಮೇಲೆ ಮಳೆ ಬಿದ್ದಿರುವಾಗ ಇಲ್ಲಿ ಮಾತ್ರ ಅರವತ್ತೆರಡು ಹೇಗಾಯಿತೆಂದು ನೋಡಲು ಬಂದಿದ್ದ. ನನ್ನ ಬಾಯಿಗೆ ಟೇಪು ಹಿಡಿದ. ಲೋಟವನ್ನು ತಲೆಕೆಳಗು ಮಾಡಿ ತಳದ ಗುರುತು ಓದಿದ. ತನ್ನ ಚೀಲದಿಂದ ಸಣ್ಣ ಲೋಟವೊಂದನ್ನು ತೆಗೆದು, ಅದರಲ್ಲಿ ನೀರು ತುಂಬಿ, ಇದಕ್ಕೆ ಬಗ್ಗಿಸಿ ನೋಡಿದ. ದೇವಕಿಯನ್ನು ಕರೆಸಿ ಕೇಳಿದ. ಅವಳು ಒಡೆದದ್ದು, ಮುಚ್ಚಿಟ್ಟದ್ದು, ಗಂಡ ತಂದದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಅರ್ಥವಾಯಿತು. ನಿಂತಲ್ಲೇ ಕೂತಳು.

"ನೋಡಿ ಅಮ್ಮ," ಎಂದ ಅವನು, ದನಿ ತಗ್ಗಿಸಿ. "ವರದಿಯಲ್ಲಿ ಅರವತ್ತೆರಡು ಅಂತ ಹೋಗಿಯಾಗಿದೆ. ಗೇಟು ತೆಗೆದದ್ದು ನಿಯಮದ ಪ್ರಕಾರ. ಹುಡುಗ ಮಾತು ಕೇಳದೆ ಇಳಿದ, ಗೈಡು ಉಳಿಸೋಕೆ ಹೋಗಿ ಸತ್ತ. ಊರವರು ನಿಮ್ಮ ಯಜಮಾನರನ್ನ ದೇವರ ಥರ ಹೇಳ್ತಿದ್ದಾರೆ. ಅದು ಹಾಗೇ ಇರ್ಲಿ. ಈ ಲೋಟದ ಸುದ್ದಿ ಎಲ್ಲೂ ಎತ್ತಬೇಡಿ. ಎತ್ತಿದ್ರೆ ಅವರ ಹೆಸರಿಗೇ ಮಸಿ."

ಅವನು ಕೆಟ್ಟವನಲ್ಲ. ಹೋಗುವಾಗ ಸಣ್ಣ ಲೋಟವನ್ನು ಅಲ್ಲೇ ಬಿಟ್ಟು ಹೋದ, ಇನ್ನು ಮೇಲೆ ಇದರಲ್ಲಿ ಅಳೆಯಿರಿ ಎಂದು. ದೇವಕಿ ಮರುದಿನದಿಂದ ಮತ್ತೆ ಬಂದಳು. ಬಗ್ಗಿಸಿದ ಪ್ರತಿ ಲೋಟವನ್ನೂ ಎರಡೆರಡು ಸಲ ಓದುತ್ತಿದ್ದಳು. ಆರು ಲೋಟ, ಏಳು ಲೋಟ. ಆ ವರ್ಷ ಗೇಟು ಮತ್ತೆ ತೆಗೆಯಲೇ ಇಲ್ಲ. ಪಂಚಾಯ್ತಿಯವರು ಗೇಟಿನ ಗೋಡೆಯ ಮೇಲೆ ಪೂವಪ್ಪನ ಫೋಟೋ ಹಾಕಿದರು. ಬಂದವರು ಅದಕ್ಕೆ ಕೈ ಮುಗಿದರು. ದೇವಕಿ ಆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಸವೆದ ಚಪ್ಪಲಿಯ ಎರಡು ಕಾಲುಗಳು ಗೇಟಿನ ಹತ್ತಿರ ಬಂದು ನಿಂತವು. ಐವತ್ತೈದರ ಆಸುಪಾಸಿನ ಹೆಂಗಸು. ಕೈಯಲ್ಲಿ ಬಟ್ಟೆಯ ಚೀಲ. ಪ್ರಭಂಜನನ ತಾಯಿ ಇಂದುಮತಿ. ಇಲ್ಲಿ ದೇವಕಿ ಎಂದರೆ ಯಾರು ಎಂದು ಕೇಳಿ ತಿಳಿದುಕೊಂಡು ಅವರು ಅವಳ ಎದುರು ಬಂದರು.

"ಪೇಪರ್‌ನ್ಯಾಗ ಬರದಿದ್ರು. ಗೈಡ್ ಬ್ಯಾಡಂದ್ರೂ ಹುಡುಗ ಹಳ್ಳಕ್ಕ ಇಳದ ಅಂತ. ನಮ್ಮ ಓಣ್ಯಾಗ ಎಲ್ಲಾರೂ ಅದನ್ನ ಅಂತಾರ. ತಾನೂ ಸತ್ತ, ಇನ್ನೊಬ್ಬರ ಮನೀ ದೀಪಾನೂ ಆರಿಸಿದ ಅಂತಾರ. ಹೌದವ್ವಾ, ಹಟಮಾರಿ ಇದ್ದ ಅಂವ. ಸಣ್ಣಾಂವ ಇದ್ದಾಗಿಂದ. ನಾನು ಅವನ ಬದಲಿ ನಿನ್ನ ಕಾಲಿಗೆ ಬೀಳಾಕ ಬಂದೇನಿ."

ಅವರು ಬಗ್ಗಿದರು. ದೇವಕಿ ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಬೇಲಿಗೆ ತಾಗಿ, ಅವರ ಎರಡೂ ಕೈ ಹಿಡಿದುಕೊಂಡಳು.

"ಬೀಳ್ಬೇಡಿ ಅಮ್ಮ. ಇಲ್ಲಿ ಕೂತ್ಕೊಳ್ಳಿ. ಒಂದು ತೋರಿಸ್ತೇನೆ."

ಒಳಗೆ ಹೋಗಿ ಎರಡು ಲೋಟಗಳನ್ನೂ ತಂದಳು. ಸಣ್ಣ ಲೋಟಕ್ಕೆ ಇಪ್ಪತ್ತರ ಗೆರೆಯ ತನಕ ನೀರು ತುಂಬಿ, ಇಂದುಮತಿಯವರ ಕೈಯಲ್ಲಿಟ್ಟಳು. "ಎಷ್ಟುಂಟು ನೋಡಿ." "ಇಪ್ಪತ್ತು." "ಈಗ ಇದಕ್ಕೆ ಬಗ್ಗಿಸಿ." ನೀರು ದಪ್ಪ ಲೋಟದಲ್ಲಿ ಹತ್ತರ ಗೆರೆಗೆ ನಿಂತಿತು.

ಮಂಜಯ್ಯ ಜಗಲಿಯಿಂದ ಎದ್ದು ಬಂದ. "ದೇವಕಕ್ಕ, ಬೇಡ. ಪೂವಪ್ಪಣ್ಣನ ಮುಖ ನೋಡಿಯಾದ್ರೂ ಬಿಡು."

ದೇವಕಿ ಅವನ ಕಡೆ ತಿರುಗಲಿಲ್ಲ. "ಈ ಡಬ್ಬಿಗೆ ಸಣ್ಣ ಲೋಟ ಅಮ್ಮ. ಅದನ್ನು ಒಡೆದವಳು ನಾನು. ಯಾರಿಗೂ ಹೇಳದೆ ಮುಚ್ಚಿಟ್ಟವಳೂ ನಾನು. ಈ ದಪ್ಪದ್ದನ್ನು ನನಗೋಸ್ಕರ ತಂದವರು ನಮ್ಮವರು. ಅವತ್ತು ಬಿದ್ದದ್ದು ಅರವತ್ತೆರಡಲ್ಲ, ನೂರಾ ಇಪ್ಪತ್ತನಾಲ್ಕು. ಹಿಂದಿನ ಎರಡು ದಿನವೂ ಎಪ್ಪತ್ತು ದಾಟಿತ್ತು. ಗೇಟು ತೆಗೀಬಾರ್ದಿತ್ತು. ನಿಮ್ಮ ಮಗ ಆ ಹಳ್ಳದ ಹತ್ರ ಹೋಗುವ ಹಾಗೇ ಇರ್ಲಿಲ್ಲ. ಅವನಿಗೆ ಹಟ ಇತ್ತೋ ಇಲ್ವೋ ನಂಗೊತ್ತಿಲ್ಲ. ದಾರಿ ಬಿಟ್ಟವಳು ನಾನು."

ಇಂದುಮತಿ ಲೋಟವನ್ನೇ ನೋಡುತ್ತಾ ಕೂತರು. ಬಿಸಿಲಿಗೆ ಅದರೊಳಗಿನ ನೀರು ಹೊಳೆಯುತ್ತಿತ್ತು. ಅದನ್ನು ಕೆಳಗಿಟ್ಟು ಕೇಳಿದರು.

"ಇದನ್ನ ಬರದು ಕೊಡ್ತೀಯೇನು? ನಮ್ಮ ಓಣ್ಯಾಗ ನಾ ಬಾಯಿಲೆ ಹೇಳಿದ್ರ ಯಾರೂ ನಂಬೂದಿಲ್ಲ."

ದೇವಕಿ ಗೋಡೆಯ ಫೋಟೋದ ಕಡೆ ನೋಡಿದಳು. ಅಷ್ಟು ದಿನಗಳಲ್ಲಿ ಅವಳು ಅದನ್ನು ನೇರ ನೋಡಿದ್ದು ಅದೊಂದೇ ಸಲ. ಆಮೇಲೆ ಮಳೆಯ ಪುಸ್ತಕದಿಂದ ಒಂದು ಹಾಳೆ ಹರಿದು, ಮೊಣಕಾಲ ಮೇಲಿಟ್ಟುಕೊಂಡು ಬರೆದಳು. ಏಳನೇ ತರಗತಿಯ ದುಂಡಗಿನ ಅಕ್ಷರ. ಲೋಟ ತಂದವರ ಹೆಸರು ಬರುವಲ್ಲಿ ಪೆನ್ನು ನಿಂತಿತು. ಮತ್ತೆ ಬರೆದಳು. ಕೆಳಗೆ ಸಹಿ ಹಾಕಿ ಕೊಟ್ಟಳು.

ಇಂದುಮತಿ ಓದಿ, ನಾಲ್ಕು ಮಡಿಕೆ ಮಡಚಿ, ಚೀಲದೊಳಗೆ ಇಟ್ಟುಕೊಂಡರು. ಎದ್ದು ನಿಂತು ಹೇಳಿದರು: "ನಿನ್ನ ಮ್ಯಾಲೆ ಸಿಟ್ಟು ಮಾಡ್ಕೋಬೇಕು ಅನ್ಸತೈತಿ. ಈಗ ಬರವಲ್ದು. ಊರು ಮುಟ್ಟಿದ ಮ್ಯಾಲೆ ಬರ್ತೈತೇನೋ." ದೇವಕಿ ತಲೆಯಾಡಿಸಿದಳು. ಸವೆದ ಚಪ್ಪಲಿಗಳು ರಸ್ತೆಯ ಕಡೆ ನಡೆದವು. ಹಿಂದೆ ತಿರುಗಲಿಲ್ಲ.

ಆ ಹಾಳೆ ಊರೂರು ತಿರುಗಿತು. ವಾರದೊಳಗೆ ಸಮಿತಿ ಸಭೆ ಸೇರಿ ದೇವಕಿಯನ್ನು ಕೆಲಸದಿಂದ ತೆಗೆಯಿತು. ಗೋಡೆಯ ಮೇಲಿನ ಫೋಟೋವನ್ನು ಯಾರೋ ಇಳಿಸಿ ಅವಳ ಮನೆಯ ಜಗಲಿಯ ಮೇಲಿಟ್ಟು ಹೋದರು. ನನ್ನ ಜಾಗದಲ್ಲಿ ಕಂಬ ನೆಟ್ಟು ಹೊಸ ಯಂತ್ರ ಕೂರಿಸಿದರು. ಅದಕ್ಕೆ ಲೋಟ ಬೇಡ. ತಾನೇ ಅಳೆದು ಎಲ್ಲಿಗೋ ಸುದ್ದಿ ಕಳಿಸುತ್ತದಂತೆ. ನನ್ನನ್ನು ಹಳ್ಳದ ಕಡೆ ಎಸೆಯಲು ಹೊರಟಿದ್ದರು. ದೇವಕಿ ಕೇಳಿ ತೆಗೆದುಕೊಂಡಳು.

ಈಗ ನಾನು ಅವಳ ಕೊಟ್ಟಿಗೆಯ ಅಟ್ಟದ ಮೇಲೆ, ಬಾಯಿ ಕೆಳಗಾಗಿ ಮಲಗಿದ್ದೇನೆ. ಬೆಸುಗೆ ಬಿಟ್ಟಿದೆ. ಹಿತ್ತಾಳೆಯ ಬಳೆ ಹಸಿರು ಹಿಡಿದಿದೆ. ಒಳಗೆ ಒಂದು ಕಣಜ ಗೂಡು ಕಟ್ಟಿದೆ. ನಾನು ಯೋಚಿಸುವುದಿಷ್ಟು: ನನ್ನೊಳಗೆ ಬಿದ್ದ ಮಳೆ ಎಂದೂ ಹೆಚ್ಚು ಕಮ್ಮಿ ಆಗಿರಲಿಲ್ಲ. ಅದರಿಂದ ನನಗೆ ಸಮಾಧಾನವೇನೂ ಇಲ್ಲ. ಸರಿಯಾಗಿ ತುಂಬಿಕೊಂಡು ಸುಮ್ಮನೆ ಕೂತವನು ನಾನು.

ಮಳೆಗಾಲ ಮತ್ತೆ ಬಂದಿದೆ. ಹೆಂಚಿನ ಮೇಲೆ ಬೀಳುವ ಸದ್ದು ಕೇಳುತ್ತದೆ, ಎಷ್ಟು ಎಂದು ನನಗೆ ತಿಳಿಯುವುದಿಲ್ಲ. ಸದ್ದು ಜೋರಾದ ಬೆಳಿಗ್ಗೆ ದೇವಕಿ ಗೋಣಿಕೊಪ್ಪೆ ಹೊದ್ದು, ರಸ್ತೆಯ ತಿರುವಿನಲ್ಲಿ ಹೋಗಿ ನಿಲ್ಲುತ್ತಾಳೆ. ಗುಡ್ಡದ ಕಡೆ ಹೋಗುವ ಜೀಪುಗಳಿಗೆ ಕೈ ಅಡ್ಡ ಹಿಡಿದು, ಇವತ್ತು ಹೋಗಬೇಡಿ ಎನ್ನುತ್ತಾಳೆ. ಹೇಳಲು ಅವಳಿಗೆ ಈಗ ಯಾವ ಅಧಿಕಾರವೂ ಇಲ್ಲ. ಕೆಲವರು ನಿಲ್ಲಿಸಿ ಕೇಳುತ್ತಾರೆ. ಕೆಲವರು ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ. ಹಾಗೆ ಹೋದವರು ಇಳಿದು ಬರುವ ತನಕ ಅವಳು ಒಳಗೆ ಬರುವುದಿಲ್ಲ.